ಅಳತೆಕಡ್ಡಿ ಇಟ್ಟು ತೆಗೆದ ಫೋಟೋ

ಮೂರರಲ್ಲಿ ಒಂದನ್ನು ಆರಿಸಬೇಕಿತ್ತು, ಅಷ್ಟೇ ಕೆಲಸ. ಅದನ್ನು ನಾನು ಮೂರು ವಾರ ಮಾಡಿದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಕೋಷ್ಟಕ ಹಾಕಿ, ಪರೀಕ್ಷೆಗೆ ಓದುವವಳ ಹಾಗೆ ಮಾಡಿದೆ. ಆ ನೋಟ್‌ಬುಕ್ ಈಗಲೂ ನನ್ನ ಅಂಗಡಿಯ ಡ್ರಾದಲ್ಲಿದೆ. ಅದರಲ್ಲಿ ನಾನೇ ಬರೆದು ನಾನೇ ಅಡ್ಡಗೆರೆ ಹೊಡೆದ ಒಂದು ಸಾಲಿದೆ. ಆ ಅಡ್ಡಗೆರೆಯಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು, ಹೆಸರು ಹೋಯಿತು. ಅದನ್ನು ಹೇಳಬೇಕು ಅಂತಲೇ ಕೂತಿದ್ದೇನೆ.

ನನ್ನ ಅಂಗಡಿ ಇರುವುದು ರಾಮನಗರದ ಬಸ್ ನಿಲ್ದಾಣದ ಹತ್ತಿರ, ಮೊದಲ ಮಹಡಿಯಲ್ಲಿ. ಕೈಲಾಂಚದಿಂದ ದಿನಾ ಸ್ಕೂಟರಿನಲ್ಲಿ ಬರುತ್ತೇನೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಮದುವೆ ಕಾರ್ಡು ಟೈಪ್ ಮಾಡುವುದು, ಇವುಗಳ ನಡುವೆ ಆಗಾಗ ವೆಬ್‌ಸೈಟಿನ ಕೆಲಸ. ಯುಗಾದಿ ಕಳೆದ ಮೇಲೆ ಒಂದು ದಿನ ಚನ್ನಪಟ್ಟಣದ ಗೊಂಬೆ ಮಾಡುವವರ ಒಂದು ಸಣ್ಣ ಸಂಘದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದ ಗೌಡರು. ಉಸಿರು ಸುಧಾರಿಸಿಕೊಂಡು ಕೂತವರೇ ಮಾತಿಗೆ ಶುರುಮಾಡಿದರು.

“ನೋಡವ್ವ, ಹತ್ತೊಂಬತ್ತು ಕಾರ್ಖಾನೆ ಒಂದೇ ಬೀದೀಲವೆ. ಒಂದೊಂದ್ಕೂ ಒಂದೊಂದು ಪುಟ ಬೇಕು, ಗೊಂಬೆ ಫೋಟೋ ಬೇಕು. ನಾಳೆ ನೀನು ಇಲ್ದೇ ಓದ್ರೂ ನಾವೇ ಹಾಕ್ಕೊಳೋ ಅಂಗಿರ್ಬೇಕು.”

“ನಾನೆಲ್ಲಿ ಹೋಗ್ತೀನಿ ಗೌಡ್ರೇ?”

“ಯೋಳಾಕಾಯ್ತದಾ?” ಅಂದರು. ಬೇರೆಯವರಾಗಿದ್ದರೆ ಎದ್ದು ಹೋಗಿ ಅನ್ನುತ್ತಿದ್ದೆ.

ಆದರೆ ಅವರು ಕೇಳಿದ್ದು ಸರಿಯಾದದ್ದೇ. ಕೋಡ್ ಬರೆಯಲು ಬಾರದವರೂ ತಾವೇ ಒಳಹೊಕ್ಕು ಖಾಲಿ ಜಾಗಗಳನ್ನು ತುಂಬಿ, ಫೋಟೋ ಏರಿಸಿ, ಗುಂಡಿ ಒತ್ತಿದರೆ ಪುಟ ತಯಾರಾಗಬೇಕು. ಅದಕ್ಕೆ ಬೇಕಾದ ಸಿದ್ಧ ವ್ಯವಸ್ಥೆಗಳು ಹತ್ತಾರು ಇವೆ. ನಾನು ಮೂರನ್ನು ಉಳಿಸಿಕೊಂಡೆ. ಅವುಗಳ ಹೆಸರು ಹೇಳುವುದಿಲ್ಲ. ಮೂರೂ ತಮ್ಮ ತಮ್ಮ ಕೆಲಸಕ್ಕೆ ಒಳ್ಳೆಯವೇ. ತಪ್ಪು ನನ್ನದಾಗಿರುವಾಗ ಅವುಗಳ ತಲೆಗೆ ಕಟ್ಟಲಾರೆ.

ಮೊದಲನೆಯದು ಬಾಡಿಗೆ ಮನೆಯಂಥದ್ದು. ಎಲ್ಲ ಅವರದೇ, ನಾವು ಹೋಗಿ ಕೂತರಾಯಿತು. ಆದರೆ ಬಿಟ್ಟು ಹೊರಡುವ ದಿನ ನಮ್ಮ ಸಾಮಾನು ಪೂರ್ತಿ ಎತ್ತಿಕೊಂಡು ಬರಲಾಗುವುದಿಲ್ಲ. ಎರಡನೆಯದು ಬಿಟ್ಟಿ ಸಿಗುವಂಥದ್ದು, ನಮ್ಮದೇ ಸರ್ವರಿನ ಮೇಲೆ ಕೂರಿಸಬೇಕು. ಒಳಗಿನ ಪರದೆಯೆಲ್ಲ ಕನ್ನಡದಲ್ಲೇ ಬರುತ್ತದೆ, ಬೇಕಾದ್ದಕ್ಕೆಲ್ಲ ಪ್ಲಗಿನ್ ಅನ್ನುವ ಸೇರ್ಪಡೆಗಳಿವೆ. ಮೂರನೆಯದೂ ಬಿಟ್ಟಿಯೇ, ಆದರೆ ಬಲು ಕಟ್ಟುನಿಟ್ಟು. ಯಾರು ಏನು ನೋಡಬಹುದು, ಯಾರು ಏನು ಮುಟ್ಟಬಹುದು ಎಂದು ಒಂದೊಂದಕ್ಕೂ ಬೇರೆ ಬೇರೆ ಅನುಮತಿ ಕೊಡಬೇಕು.

ಮೂರರ ಮೇಲೂ ಒಂದೊಂದು ಮಾದರಿ ಸೈಟು ಕಟ್ಟಿ, ಕಾರ್ಯದರ್ಶಿಗಳ ಕೈಗೆ ಅವರದೇ ಫೋನು ಕೊಟ್ಟು, “ಒಂದು ಗೊಂಬೆ ಹಾಕಿ ನೋಡೋಣ” ಅಂದೆ. ಪಕ್ಕದಲ್ಲಿ ನಿಂತು ಗಡಿಯಾರ ನೋಡಿದೆ. ಎರಡನೆಯದರಲ್ಲಿ ಮೂರು ನಿಮಿಷಕ್ಕೆ ಬುಗುರಿಯ ಫೋಟೋ ಏರಿಸಿ ಮಗುವಿನ ಹಾಗೆ ನಕ್ಕರು. ಮೂರನೆಯದರಲ್ಲಿ ಹನ್ನೊಂದು ನಿಮಿಷ ಒದ್ದಾಡಿ ಫೋನನ್ನು ಮೇಜಿನ ಮೇಲೆ ಕುಕ್ಕಿದರು. “ಇದೇನವ್ವ, ತಾಲ್ಲೂಕು ಆಪೀಸು ಇದ್ದಂಗೈತೆ. ಒಂದು ಕಾಗ್ದಕ್ಕೆ ಹತ್ತು ಟೇಬಲ್ಲು.”

ಆ ಮೂರನೆಯದರಲ್ಲಿ ಒಂದು ಸೌಲಭ್ಯವಿತ್ತು. ಫೋಟೋಗಳನ್ನು ಸರ್ವರಿನಲ್ಲಿ ಎಲ್ಲರಿಗೂ ತೆರೆದ ಜಾಗದಲ್ಲಿ ಇಡದೆ, ಒಳಕೋಣೆಯಲ್ಲಿಟ್ಟು, ಲಾಗಿನ್ ಆದವರಿಗೆ ಮಾತ್ರ ತೆಗೆದುಕೊಡುವುದು. ಅದನ್ನು ನಾನು ಓದಿದ್ದೆ, ಅರ್ಥವೂ ಆಗಿತ್ತು. ಕೋಷ್ಟಕದಲ್ಲಿ ‘ಖಾಸಗಿ ಕಡತ’ ಎಂದು ಒಂದು ಸಾಲು ಬರೆದು ಮೂರನೆಯದರ ಮುಂದೆ ಸರಿ ಗುರುತು ಹಾಕಿದ್ದೆ. ಆಮೇಲೆ, ಗೊಂಬೆ ಇರುವುದೇ ತೋರಿಸುವುದಕ್ಕೆ, ಬಚ್ಚಿಡಲು ಇದೇನು ಒಡವೆಯೇ ಅಂದುಕೊಂಡು ಆ ಸಾಲಿಗೆ ಅಡ್ಡಗೆರೆ ಎಳೆದೆ. ಎರಡನೆಯದನ್ನು ಆರಿಸಿದೆ. ಬೇಕಿದ್ದರೆ ಪುಟಕ್ಕೆ ಪಾಸ್‌ವರ್ಡ್ ಹಾಕುವ ಅನುಕೂಲ ಅದರಲ್ಲೂ ಇದ್ದೇ ಇತ್ತಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಸೈಟು ಎದ್ದಿತು. ನಾಲ್ಕು ವಾರ ಚನ್ನಪಟ್ಟಣಕ್ಕೆ ಓಡಾಡಿ ಹದಿನೆಂಟು ಕಾರ್ಖಾನೆಗಳ ಪುಟ ಮುಗಿಸಿದೆ. ಹತ್ತೊಂಬತ್ತನೆಯದು ಉಸ್ತಾದರದ್ದು. ಬೀದಿಗೆಲ್ಲ ಹಿರಿಯರು, ಅರವತ್ತೈದರ ಮೇಲಾಗಿದೆ. ಮರ ಕಡೆಯುವ ನಾಲ್ಕು ಲೇತ್‌ಗಳ ಕಾರ್ಖಾನೆ, ತಂದೆಯ ಕಾಲದ್ದು. ನಾನು ಹೋದಾಗ ಅವರು ಹೊಸದೊಂದು ಗೊಂಬೆಯಲ್ಲಿ ಮುಳುಗಿದ್ದರು: ಗಾಲಿಯ ಮೇಲೆ ನಿಂತ ಕೊಕ್ಕರೆ. ದಾರ ಹಿಡಿದು ಎಳೆದರೆ ಗಾಲಿ ಉರುಳಿದಂತೆ ಕತ್ತು ಮೇಲೆ ಕೆಳಗೆ ಆಡುತ್ತದೆ, ನೀರಲ್ಲಿ ಮೀನು ಹೆಕ್ಕಿದ ಹಾಗೆ. ಎರಡು ವರ್ಷದಿಂದ ವ್ಯಾಪಾರ ಬಿದ್ದುಹೋಗಿತ್ತಂತೆ. ಇದೊಂದು ಗೊಂಬೆ ಕೈ ಹಿಡಿದರೆ ಲೇತ್ ನಿಲ್ಲದೆ ಓಡುತ್ತವೆ ಎಂದು ಅವರ ಆಸೆ.

ಅದನ್ನೂ ಸೈಟಿಗೆ ಹಾಕಬೇಕು ಎಂದು ಕಾರ್ಯದರ್ಶಿಗಳು ಪಟ್ಟುಹಿಡಿದರು. ಬೆಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿ ದಸರೆ ಹೊತ್ತಿಗೆ ಹೊಸ ನಮೂನೆ ಹುಡುಕುತ್ತಿದ್ದರಂತೆ. ಅವರಿಗೆ ಮಾತ್ರ ಪಾಸ್‌ವರ್ಡ್ ಕೊಟ್ಟು ತೋರಿಸುವುದು ಎಂದು ಮಾತಾಯಿತು.

ಗೊಂಬೆ ಸೇರಿಸುವ ನಮೂನೆಯಲ್ಲಿ ಎತ್ತರ, ಅಗಲ, ತೂಕ ಎಂದು ಖಾಲಿ ಜಾಗಗಳಿದ್ದವು. ನಾನೇ ಇಟ್ಟಿದ್ದೆ. “ಎತ್ತರ ಎಷ್ಟು ಇಂಚು ಉಸ್ತಾದರೇ?” ಎಂದು ಕೇಳಿದೆ.

“ನಮ್ಗೆ ಇಂಚಿಲ್ಲ ಬೇಟಿ. ಕಚ್ಚು,” ಅಂದರು. ಜೇಬಿನಿಂದ ಒಂದು ಬಿದಿರಿನ ಕಡ್ಡಿ ತೆಗೆದರು.

ಅದು ಅಳತೆಕಡ್ಡಿ. ಗೊಂಬೆಯ ತಲೆ ಎಲ್ಲಿ ಮುಗಿಯಬೇಕು, ಕತ್ತು ಎಷ್ಟಿರಬೇಕು, ಹೊಟ್ಟೆ ಎಲ್ಲಿ ದಪ್ಪವಾಗಬೇಕು, ಎಲ್ಲಕ್ಕೂ ಅದರ ಮೇಲೆ ಚಾಕುವಿನಲ್ಲಿ ಕೊರೆದ ಕಚ್ಚುಗಳು. ಲೇತ್ ಮೇಲೆ ತಿರುಗುವ ಮರಕ್ಕೆ ಅದನ್ನು ಹಿಡಿದು ಗುರುತು ಮಾಡುತ್ತಾರೆ. ಆ ಬೀದಿಯಲ್ಲಿ ಒಂದು ಕಟ್ಟಳೆಯಿದೆ, ಎಲ್ಲೂ ಬರೆದಿಟ್ಟಿದ್ದಲ್ಲ. ಹೊಸ ಗೊಂಬೆಯ ಕಡ್ಡಿ ಯಜಮಾನನ ಜೇಬಿನಲ್ಲೇ ಇರಬೇಕು, ಸಂಜೆ ಅವನ ಜೊತೆಗೇ ಮನೆಗೆ ಹೋಗಬೇಕು. ಕಡ್ಡಿಯ ಅಳತೆ ಹೊರಗೆ ಕೊಟ್ಟವರಿಗೆ ಹತ್ತೊಂಬತ್ತು ಬಾಗಿಲಲ್ಲಿ ಒಂದರಲ್ಲೂ ಕೆಲಸವಿಲ್ಲ.

“ಗೊಂಬೆ ಯಾರ್ ಬೇಕಾದ್ರೂ ನೋಡ್ಲಿ ಬೇಟಿ. ಕಡ್ಡಿ ನೋಡ್ಬಾರ್ದು,” ಎಂದು ಉಸ್ತಾದರು ನಕ್ಕರು. “ನಿನ್ ಪುಟಕ್ಕೆ ಬೀಗ ಐತಲ್ವಾ?”

“ಐತೆ. ಪಾಸ್‌ವರ್ಡ್ ಇಲ್ದೆ ದೇವರು ಬಂದ್ರೂ ತೆಗಿಯಲ್ಲ.”

ನೋಡುವವರು ವ್ಯಾಪಾರಿ ಒಬ್ಬರೇ ತಾನೆ ಅಂದುಕೊಂಡು ಅವರು ಕೊಕ್ಕರೆಯ ಪಕ್ಕ ಕಡ್ಡಿ ಇಟ್ಟರು. ನಾನು ಸುಮ್ಮನಿರಲಿಲ್ಲ. ಅಳತೆ ವ್ಯಾಪಾರಿಗೆ ಇಂಚಿನಲ್ಲೂ ತಿಳಿಯಲಿ ಎಂದು ನನ್ನ ಚೀಲದಿಂದ ಸ್ಟೀಲ್ ಸ್ಕೇಲ್ ತೆಗೆದು ಕಡ್ಡಿಯ ಪಕ್ಕ ಇಟ್ಟೆ. ಕೊಕ್ಕರೆ, ಕಡ್ಡಿ, ಸ್ಕೇಲು. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಆರು ಫೋಟೋ ತೆಗೆದೆ. ತೆಗೆಯುವಾಗ ಕೊಕ್ಕರೆ ಮೂರು ಸಲ ಕೊಕ್ಕು ಮುಂದಾಗಿ ಬಿತ್ತು. ಕತ್ತಿನ ಭಾರ ಮುಂದಕ್ಕೆ ಎಳೆಯುತ್ತಿತ್ತು. ಕೊನೆಗೆ ಒಂದು ಅರಗಿನ ತುಂಡನ್ನು ಗಾಲಿಗೆ ಒತ್ತುಕೊಟ್ಟು ನಿಲ್ಲಿಸಿದೆವು. “ಕತ್ತು ಒಸಿ ಉದ್ದ ಆಯ್ತು,” ಎಂದು ಉಸ್ತಾದರು ಗೊಣಗಿದರು. ಮುಂದಿನ ವಾರ ಅವರು ಕಡ್ಡಿಯಲ್ಲಿ ಹೊಸ ಕಚ್ಚು ಕೊರೆದು ಕತ್ತನ್ನು ಗಿಡ್ಡ ಮಾಡಿದರು, ಕೊಕ್ಕರೆ ನೆಟ್ಟಗೆ ಓಡಿತು. ಫೋಟೋ ಮತ್ತೆ ತೆಗೆಯಬೇಕೇ ಎಂದು ನಾನು ಕೇಳಿದ್ದಕ್ಕೆ ಕಾರ್ಯದರ್ಶಿಗಳು, “ಒಸಿ ಗಿಡ್ಡ ಆಗಿದ್ದು ಯಾರಿಗೆ ಕಾಣ್ತದವ್ವ, ಇರ್ಲಿ ಬುಡು,” ಅಂದರು. ಹಾಗೇ ಬಿಟ್ಟೆ.

ಅವತ್ತು ಕಾರ್ಖಾನೆಯ ಮೂಲೆಯಲ್ಲಿ ಒಬ್ಬಾಕೆ ಕೂತು ಬೇರೆ ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದಳು. ಮೂವತ್ತೈದರ ಆಸುಪಾಸು. ಕುಂಚದ ತುದಿ ಮುಟ್ಟಿಸಿ ಎತ್ತಿದರೆ ಕಣ್ಣು. ಎಂಟು ವರ್ಷದಿಂದ ಅಲ್ಲೇ ಕೆಲಸ. ಅದಕ್ಕೆ ಮೊದಲು ಅವಳ ಅತ್ತೆ ಅದೇ ಜಾಗದಲ್ಲಿ ಕೂತು ನಲವತ್ತು ವರ್ಷ ಕಣ್ಣು ಬರೆದಿದ್ದಳಂತೆ. ತನ್ನ ಕಣ್ಣು ಮಂದವಾದ ಮೇಲೆ ಸೊಸೆಯನ್ನು ಕರೆತಂದು ಕೂರಿಸಿದ್ದಳು. ಇವಳು ಕೆಲವು ಸಲ ಗೊಂಬೆಗಳನ್ನು ಚೀಲದಲ್ಲಿ ಮನೆಗೆ ಒಯ್ದು ಕಣ್ಣು ಬರೆದು ತರುತ್ತಿದ್ದಳು. ಬೀದಿಯ ಹೊರಗೆ ಗೊಂಬೆ ಒಯ್ಯುತ್ತಿದ್ದದ್ದು ಇವಳೊಬ್ಬಳೇ.

ಬೆಂಗಳೂರಿನ ವ್ಯಾಪಾರಿ ಪುಟ ನೋಡಿದರು, ಮೆಚ್ಚಿದರು, ದಸರೆಗೆ ಇಷ್ಟು ಬೇಕು ಅಂದರು. ಉಸ್ತಾದರು ಗೊಂಬೆಗೆ ಬಳಸುವ ಆಲೆ ಮರ ತರಿಸಿ ನಾಲ್ಕೂ ಲೇತ್ ಓಡಿಸಿದರು. ನಾನಂತೂ ಉಬ್ಬಿಹೋಗಿದ್ದೆ. ಸಂಘದ ಹೆಸರು ಹುಡುಕಿದರೆ ಮೊದಲೇ ಕಾಣಲಿ ಎಂದು ಇನ್ನೊಂದು ಸೇರ್ಪಡೆ ಹಾಕಿದೆ. ಸೈಟಿನಲ್ಲಿರುವ ಪ್ರತಿ ಚಿತ್ರದ ವಿಳಾಸವನ್ನೂ ಪಟ್ಟಿ ಮಾಡಿ ಹುಡುಕು ಯಂತ್ರಗಳಿಗೆ ಒಪ್ಪಿಸುವುದು ಅದರ ಕೆಲಸ. ‘ಎಲ್ಲ ಚಿತ್ರಗಳೂ’ ಎಂಬ ಚೌಕಕ್ಕೆ ಟಿಕ್ ಹಾಕಿದವಳು ನಾನೇ.

ಶ್ರಾವಣದಲ್ಲಿ ಸುದ್ದಿ ಬಂತು. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಅದೇ ಕೊಕ್ಕರೆ ನೇತಾಡುತ್ತಿದೆ. ಎಲ್ಲಿಯದೋ ಯಂತ್ರದ ಕೆಲಸ, ಅರಗಿನ ಬದಲು ಡಬ್ಬಿ ಬಣ್ಣ, ಬೆಲೆ ಅರ್ಧ. ಯಾರು ಮಾಡಿದ್ದು ಎಂದು ಇವತ್ತಿಗೂ ಗೊತ್ತಿಲ್ಲ. ವ್ಯಾಪಾರಿ ಫೋನಿನಲ್ಲೇ ಬೇಡ ಅಂದರು. ಉಸ್ತಾದರ ಕಾರ್ಖಾನೆಯಲ್ಲಿ ಮೂರು ಲೇತ್ ನಿಂತವು. ತಯಾರಾದ ಕೊಕ್ಕರೆಗಳು ಗೋಣಿಯಲ್ಲೇ ಉಳಿದವು.

ಮರುದಿನ ಮಧ್ಯಾಹ್ನ ಉಸ್ತಾದರೂ ಕಾರ್ಯದರ್ಶಿಗಳೂ ನನ್ನ ಅಂಗಡಿಗೆ ಬಂದರು. ಉಸ್ತಾದರು ಕೂರಲಿಲ್ಲ.

“ಬೇಟಿ, ಬೇಜಾರ್ ಮಾಡ್ಕೋಬೇಡ. ನಿನ್ ಕಂಪ್ಯೂಟರ್‌ನಿಂದ ಓಗಿರ್ಬೋದಾ?”

ನನಗೆ ಮೈಯೆಲ್ಲ ಉರಿಯಿತು. ಮೂರು ವಾರ ಹಗಲೆಲ್ಲ ಕೂತು ಆರಿಸಿದವಳನ್ನು ಕೇಳುವ ಮಾತೇ ಇದು? ಅವರೆದುರೇ ಪುಟ ತೆರೆದೆ. ಪಾಸ್‌ವರ್ಡ್ ಕೇಳಿತು. ತಪ್ಪು ಪಾಸ್‌ವರ್ಡ್ ಹಾಕಿ ತೋರಿಸಿದೆ, ತೆಗೆಯಲಿಲ್ಲ. “ನೋಡಿದ್ರಾ? ಸಾಧ್ಯವೇ ಇಲ್ಲ,” ಅಂದೆ. ಒಂದಲ್ಲ, ಎರಡು ಸಲ ಅಂದೆ.

ಉಸ್ತಾದರು ತಲೆ ತಗ್ಗಿಸಿದರು. “ಅಂಗಾದ್ರೆ ಒಳಗಿನೋರೇ.”

ಅವರು ಮೆಟ್ಟಿಲಿಳಿಯುವಾಗ ನಾನು ಆಗಲೇ ಬೇರೊಬ್ಬರ ಅರ್ಜಿ ತುಂಬುತ್ತಿದ್ದೆ. ಕಣ್ಣು ಬರೆಯುವಾಕೆಯನ್ನು ಕೆಲಸದಿಂದ ಬಿಡಿಸಿದ್ದಾರೆ ಎಂದು ಎರಡು ದಿನದ ಮೇಲೆ ಕಾರ್ಯದರ್ಶಿಗಳು ಹೇಳಿದಾಗ “ಅಯ್ಯೋ ಪಾಪ, ಹಿಂಗ್ ಮಾಡ್ಬಾರ್ದಿತ್ತು ಅವಳು,” ಅಂದದ್ದೂ ನೆನಪಿದೆ. ಆ ಮಾತು ಇವತ್ತಿಗೂ ನಾಲಿಗೆ ಮೇಲೆ ಕಹಿಯಾಗಿದೆ.

ಎರಡು ವಾರ ಕಳೆದು ಅವಳೇ ನನ್ನ ಅಂಗಡಿಗೆ ಬಂದಳು. ಬಿಡದಿಯ ಒಂದು ಕಾರ್ಖಾನೆಗೆ ಗುತ್ತಿಗೆಯ ಮೇಲೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಬಯೋಡೇಟಾ ಬೇಕಿತ್ತು. ಹೆಸರು, ವಯಸ್ಸು, ಓದು ಎಲ್ಲ ಟೈಪ್ ಮಾಡಿದೆ.

“ಅನುಭವ ಏನಂತ ಹಾಕ್ಲಿ?”

“ಏನೂ ಬ್ಯಾಡ ಅಕ್ಕ.”

“ಎಂಟು ವರ್ಷ ಕಣ್ಣು ಬರ್ದಿದ್ದೀಯಲ್ಲ?”

“ಹಾಕುದ್ರೆ ಯಾಕ್ ಬುಟ್ಟೆ ಅಂತಾರೆ. ಏನ್ ಯೋಳ್ಲಿ?”

ಆ ಜಾಗ ಖಾಲಿ ಬಿಟ್ಟೆ. ಪ್ರಿಂಟು ಬರುವವರೆಗೆ ಅವಳು ಕೈ ಕಟ್ಟಿ ನಿಂತಿದ್ದಳು. ನಾನು ಕೇಳದೆಯೇ ಹೇಳಿದಳು: “ಬೀದೀಲಿ ಯಾರೂ ಮಾತಾಡುಸ್ತಿಲ್ಲ ಅಕ್ಕ. ಅದು ಓಗ್ಲಿ. ನಮ್ಮತ್ತೆ ನಾನ್ ಬಡ್ಸಿದ್ದನ್ನ ಉಣ್ತಿಲ್ಲ. ತಾನೇ ತಡವರ್ಸ್ಕೊಂಡು ಒಲೆ ಹಚ್ಕೊಂಡು ಬೇಯಿಸ್ಕೋತಾರೆ. ಕಣ್ಣು ಕಾಣಾಕಿಲ್ಲ, ಕೈ ಸುಟ್ಕೊಂಡವ್ರೆ.”

ಪ್ರಿಂಟು ತೆಗೆದು ಅವಳ ಕೈಗೆ ಕೊಟ್ಟೆ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ರೋಡ್ ಬದಿ ಅಂಗ್ಡೀಲಿರೋ ಕೊಕ್ಕರೆ ಎಳದ್ರೆ ಮುಗ್ಗರಿಸ್ತದಂತೆ ಅಕ್ಕ. ನಾನು ಕಣ್ಣು ಬರ್ದಿದ್ರಲ್ಲಿ ಒಂದೂ ಮುಗ್ಗರಿಸ್ನಿಲ್ಲ. ನಾನೇ ಕೊಟ್ಟಿದ್ರೆ ಅದೂ ನೆಟ್ಗೇ ಓಡ್ಬೇಕಿತ್ತಲ್ವಾ? ಯಾರೂ ಕೇಳ್ನಿಲ್ಲ ಈ ಮಾತ.”

ಅವಳು ಇಳಿದು ಹೋದಳು. ನಾನು ಮುಂದಿನ ಗಿರಾಕಿಯ ಆಧಾರ್ ಕಾರ್ಡ್ ಹಿಡಿದುಕೊಂಡು ಹಾಗೇ ಕೂತೆ. ಮೂರು ಸಲ ಕೊಕ್ಕು ಮುಂದಾಗಿ ಬಿದ್ದ ಕೊಕ್ಕರೆ ಕಣ್ಣ ಮುಂದೆ ಬಂತು. ಗಾಲಿಗೆ ಒತ್ತುಕೊಟ್ಟ ಅರಗಿನ ತುಂಡು ನೆನಪಾಯಿತು. ಉದ್ದ ಕತ್ತಿನ ಕೊಕ್ಕರೆ ಲೋಕದಲ್ಲಿ ಇದ್ದದ್ದು ಒಂದೇ ಒಂದು, ಅದೂ ಒಂದೇ ವಾರ. ಅವಳ ಕೈಗೆ ಕಣ್ಣು ಬರೆಯಲು ಬಂದವೆಲ್ಲ ಕತ್ತು ಗಿಡ್ಡ ಮಾಡಿದ ಮೇಲಿನವು. ಉದ್ದ ಕತ್ತು ಉಳಿದಿದ್ದದ್ದು ನನ್ನ ಫೋಟೋದಲ್ಲಿ ಮಾತ್ರ.

ಅಂಗಡಿಗೆ ಬಾಗಿಲು ಹಾಕಿ ಸ್ಕೂಟರ್ ಹತ್ತಿದೆ. ಹೆದ್ದಾರಿಯ ಅಂಗಡಿಯಲ್ಲಿ ಕೊಕ್ಕರೆಯೊಂದನ್ನು ಕೊಂಡು ತಂದು ನನ್ನ ಮೇಜಿನ ಮೇಲೆ ಎಳೆದೆ. ಎರಡು ಗೇಣು ಓಡಿ ಕೊಕ್ಕು ಊರಿ ಬಿತ್ತು. ಸ್ಕೇಲು ಹಿಡಿದು ಕತ್ತು ಅಳೆದೆ, ಫೋಟೋ ತೆರೆದು ಕಡ್ಡಿಯ ಕಚ್ಚು ಲೆಕ್ಕ ಹಾಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಳೆದದ್ದು ಅದೇ ಸ್ಟೀಲ್ ಸ್ಕೇಲಿನಲ್ಲಿ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಲಾಗಿನ್ ಎಲ್ಲ ಬಿಟ್ಟು, ಹೊಸ ಖಾಸಗಿ ಕಿಟಕಿ ತೆರೆದು, ಪುಟದ ವಿಳಾಸದ ಬದಲು ಫೋಟೋ ಕಡತದ ನೇರ ವಿಳಾಸ ಹಾಕಿದೆ. ಪಾಸ್‌ವರ್ಡ್ ಕೇಳಲಿಲ್ಲ. ಕೊಕ್ಕರೆ, ಕಡ್ಡಿ, ಸ್ಕೇಲು ಪರದೆ ತುಂಬ ನಿಂತವು. ಬೀಗ ಹಾಕಿದ್ದು ಪುಟಕ್ಕೆ ಮಾತ್ರ. ಚಿತ್ರಗಳು ತಿಂಗಳ ಹೆಸರಿನ ಕಡತಕೋಶದಲ್ಲಿ, ಬೀದಿಗೆ ತೆರೆದ ಜಗಲಿಯ ಮೇಲೆ ಕೂತಿದ್ದವು. ನಾನು ಹಾಕಿದ ಸೇರ್ಪಡೆ ಅವುಗಳ ವಿಳಾಸವನ್ನು ಊರಿಗೆಲ್ಲ ಸಾರಿತ್ತು. ಚನ್ನಪಟ್ಟಣ, ಗೊಂಬೆ, ಕೊಕ್ಕರೆ ಎಂದು ಹುಡುಕಿದರೆ ಚಿತ್ರಗಳ ಸಾಲಿನಲ್ಲಿ ಮೂರನೆಯದೇ ಅದು. ಸರ್ವರಿನ ದಾಖಲೆ ತೆಗೆದು ನೋಡಿದೆ. ಬೀಗದ ಪುಟವನ್ನು ಒಮ್ಮೆಯೂ ತೆರೆಯದ ಯಾರೋ, ಎಲ್ಲಿಂದಲೋ, ಆರೂ ಫೋಟೋಗಳನ್ನು ಒಂದಾದ ಮೇಲೊಂದು ಇಳಿಸಿಕೊಂಡಿದ್ದರು. ಬೆಂಗಳೂರಿನವರು ಮೆಚ್ಚಿ ಎರಡು ವಾರವೂ ಆಗಿರಲಿಲ್ಲ ಆಗ.

ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಸೈಟಿನಿಂದ ಫೋಟೋಗಳನ್ನು ಅಳಿಸಿದೆ, ಸೇರ್ಪಡೆ ಕಿತ್ತೆ, ಕಡತಕೋಶಕ್ಕೆ ಹೊರಗಿನವರು ಬಾರದಂತೆ ತಡೆ ಹಾಕಿದೆ, ಹುಡುಕು ಯಂತ್ರಗಳಿಗೆ ತೆಗೆದುಹಾಕಿ ಎಂದು ಕೋರಿಕೆ ಕಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ. ಅವರು ಮೆಲ್ಲಗೆ ಹೇಳಿದರು: “ಸುಮ್ಕಿರವ್ವ. ಸಂಘದ ಸೈಟಿಂದ್ಲೇ ಓಯ್ತು ಅಂದ್ರೆ ನಾಳೆ ಒಬ್ರೂ ಫೋಟೋ ಕೊಡಾಕಿಲ್ಲ. ನಿಂಗೂ ಕೆಟ್ಟೆಸ್ರು. ಅವಳಿಗೆ ಎಂಗೂ ಬಿಡದೀಲಿ ಕೆಲ್ಸ ಆಯ್ತದಂತೆ. ಬಸ್ಸೂ ಬತ್ತದೆ, ಸಂಬಳಾನೂ ಬತ್ತದೆ. ಯಾಕೆ ಕೆದಕ್ತೀಯ?”

ನಾನು ಧೀರೆಯೇನಲ್ಲ. ಎರಡು ದಿನ ಸುಮ್ಮನಿದ್ದೆ. ಅಂಗಡಿ ತೆರೆದೆ, ಪಹಣಿ ತೆಗೆದುಕೊಟ್ಟೆ, ಊಟ ಮಾಡಿದೆ. ಅವಳಿಗೆ ಸಂಬಳ ಬರುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಅವಳ ಬಯೋಡೇಟಾ ಕಡತ ಪರದೆಯ ಮೇಲೆ ಕಣ್ಣಿಗೆ ಬಿತ್ತು. ತೆರೆದೆ. ‘ಅನುಭವ’ ಎಂದು ಬರೆದು, ಮುಂದೆ ಖಾಲಿ. ಅಂಗಡಿಗೆ ಬೀಗ ಹಾಕಿ ಚನ್ನಪಟ್ಟಣಕ್ಕೆ ಹೊರಟೆ.

ಉಸ್ತಾದರು ನಿಂತ ಲೇತ್‌ಗಳ ನಡುವೆ ಒಬ್ಬರೇ ಕೂತಿದ್ದರು. ಹೇಳಿದೆ. ಕಡತಕೋಶ, ವಿಳಾಸ, ದಾಖಲೆ ಅಂತೆಲ್ಲ ಹೇಳದೆ, ಫೋನಿನಲ್ಲಿ ಉದ್ದ ಕತ್ತಿನ ಫೋಟೋ ತೋರಿಸಿ, ಅಂಗಡಿಯ ಕೊಕ್ಕರೆಯನ್ನು ನೆಲದ ಮೇಲೆ ಎಳೆದೆ. ಅದು ಬಿತ್ತು. ಅವರಿಗೆ ಅಷ್ಟು ಸಾಕಾಯಿತು.

“ಕಡ್ಡಿ ಇಟ್ಟೋನು ನಾನೇ ಬೇಟಿ,” ಅಂದರು.

“ಅಳತೆ ಕೇಳಿದ್ದು ನಾನು, ಸ್ಕೇಲ್ ಇಟ್ಟಿದ್ದು ನಾನು. ಸಾಧ್ಯವೇ ಇಲ್ಲ ಅಂದಿದ್ದೂ ನಾನು.”

“ಹ್ಞೂ.” ಬಿದ್ದ ಕೊಕ್ಕರೆಯನ್ನು ಎತ್ತಿ ನಿಲ್ಲಿಸಿದರು. “ಎಂಟು ವರ್ಷ ನನ್ ಕಣ್ಮುಂದೆ ಕೂತೋಳ ಮಾತು ಕೇಳ್ಲಿಲ್ಲ. ನಿನ್ ಮಾತು ಕೇಳ್ದೆ.”

ವಾಪಸು ಕರೆಯುತ್ತೀರಾ ಎಂದು ಕೇಳಿದೆ. ಮೂರು ಲೇತ್‌ಗಳ ಕಡೆ ಕೈ ತೋರಿಸಿದರು. “ಕರ್ದು ಏನ್ ಕೊಡ್ಲಿ? ಕಣ್ಣು ಬರ್ಯೋಕೆ ಗೊಂಬೆ ಎಲ್ಲವೆ?”

ಆ ಭಾನುವಾರ ಅವಳನ್ನು ಬೀದಿಯ ತುದಿಯಲ್ಲಿ ಕಂಡೆ. ಎಲ್ಲ ಹೇಳಿ, ಸೈಟಿನ ಮೊದಲ ಪುಟದಲ್ಲೇ ನನ್ನ ಹೆಸರು ಹಾಕಿ ತಪ್ಪು ನನ್ನದು ಎಂದು ಬರೆಯುತ್ತೇನೆ ಅಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ನಿಮ್ ಪುಟ ಈ ಬೀದೀಲಿ ಯಾರ್ ಓದ್ತಾರಕ್ಕ? ನನ್ ಎಸ್ರು ಓಗಿದ್ದು ಬಾಯಿಂದ. ನೀವೂ ಬಾಯಲ್ಲೇ ಯೋಳಿ. ಒಂದೊಂದ್ ಬಾಗ್ಲಿಗೂ.”

ಹೋದೆ. ಹತ್ತೊಂಬತ್ತು ಬಾಗಿಲು. ನಿಂತು, ತಪ್ಪು ನನ್ನದು, ಅವಳದಲ್ಲ ಎಂದು ಹೇಳಿ, ಮುಂದಿನದಕ್ಕೆ ಹೋಗುವುದು. ಕೆಲವರು ಕೂರಿಸಿ ಕೇಳಿದರು. ಒಬ್ಬರು ಲೇತ್ ನಿಲ್ಲಿಸದೇ ತಲೆಯಾಡಿಸಿದರು. ಒಬ್ಬ, “ನಂಗೂ ಡೌಟಿತ್ತು ಬುಡಿ ಮೇಡಂ,” ಅಂದ. ಹಾಗಿದ್ದರೆ ಆವತ್ತು ಬಾಯಿಗೆ ಏನಾಗಿತ್ತಪ್ಪ ಎಂದು ಕೇಳಬೇಕೆನ್ನಿಸಿತು. ಕೇಳುವ ಹಕ್ಕು ನನಗಿರಲಿಲ್ಲ. ನಾಲ್ಕು ಕಾರ್ಖಾನೆಯವರು ಅಲ್ಲೇ ತಮ್ಮ ಫೋಟೋ ತೆಗೆದುಹಾಕಿ ಅಂದರು. ಕಾರ್ಯದರ್ಶಿಗಳು ಹೇಳಿದ್ದು ನಿಜವಾಯಿತು. ಆ ಸೈಟನ್ನು ಆಮೇಲೆ ಮೂರನೆಯ ವ್ಯವಸ್ಥೆಗೆ ಸಾಗಿಸಿದೆ, ಹನ್ನೊಂದು ನಿಮಿಷ ಹಿಡಿಯುವುದಕ್ಕೇ. ಈಗ ಯಾರು ಸೈಟು ಕಟ್ಟಿಸಲು ಬಂದರೂ ಎಷ್ಟು ಪುಟ ಎಂದು ಮೊದಲು ಕೇಳುವುದಿಲ್ಲ. ನಿಮ್ಮಲ್ಲಿ ಯಾರೂ ನೋಡಬಾರದ್ದು ಏನಿದೆ ಎಂದು ಕೇಳುತ್ತೇನೆ. ಇಲ್ಲ ಅಂದರೆ ಇನ್ನೊಮ್ಮೆ ಕೇಳುತ್ತೇನೆ.

ಹತ್ತೊಂಬತ್ತೂ ಮುಗಿಸಿ ಬಂದಾಗ ಅವಳು ಅಲ್ಲೇ ಬೀದಿ ತುದಿಯಲ್ಲಿ ನಿಂತಿದ್ದಳು.

“ಎಲ್ಲಾ ಆಯ್ತಾ?”

“ಆಯ್ತು.”

“ನಮ್ಮನೆ ಬಾಗ್ಲು?”

ಅದು ನನಗೆ ಹೊಳೆದೇ ಇರಲಿಲ್ಲ. ಅವಳ ಹಿಂದೆ ನಡೆದೆ. ಒಂದೂವರೆ ಕೋಣೆಯ ಮನೆ. ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಸೊಸೆ ಒಳಗೆ ಹೋಗಿ ಕಾಫಿಗೆ ಇಟ್ಟಳು. ನಾನು ಅಜ್ಜಿಯ ಪಕ್ಕ ಕೂತು ಇಪ್ಪತ್ತನೆಯ ಸಲ ಅದೇ ಮಾತು ಹೇಳಿದೆ.

ಅಜ್ಜಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. “ನಂಗೊತ್ತಿತ್ತು ಕಣವ್ವ.”

“ಏನು ಗೊತ್ತಿತ್ತು?”

“ನನ್ ಸೊಸೆ ಅಲ್ಲ ಅಂತ. ಮೊದಲ್ನೇ ದಿನಾನೇ ಗೊತ್ತಿತ್ತು.”

“ಮತ್ತೆ ಅವಳು ಬಡಿಸಿದ್ದು ಯಾಕೆ ಬಿಟ್ರಿ?”

“ಬೀದಿಯೋರು ದಿನಾ ಬಂದು ಕೇಳೋರು, ಅವ್ಳ ಕೈಲಿ ಉಣ್ತೀಯಾ ಅಂತ. ಉಂಡಿದ್ರೆ ನನ್ನೂ ಸೇರಿಸ್ಬುಡೋರು. ನಲ್ವತ್ತು ವರ್ಷ ಕಣ್ಣು ಬರ್ದೋಳು ನಾನು. ನನ್ ಎಸ್ರೂ ಓಗ್ಲಾ?”

ಒಳಗೆ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಒಂದು ಲೋಟ ತಂದು ನನ್ನ ಮುಂದೆ ಇಟ್ಟಳು. ಕಾಫಿಯ ವಾಸನೆಗೆ ಅಜ್ಜಿ ಬಟ್ಟೆ ಸುತ್ತಿದ ಕೈ ಚಾಚಿದಳು.

“ನಂಗೂ ಒಸಿ ಕೊಡವ್ವ.”

ಅವಳು ಅತ್ತೆಯ ಕಡೆ ನೋಡಲಿಲ್ಲ. “ನಂಗೆ ನಾಳೆ ಮೊದಲ್ನೇ ಪಾಳಿ ಅಕ್ಕ, ಆರ್ಗಂಟೆಗೆ ಬಸ್ಸು,” ಎಂದು ನನಗೆ ಹೇಳಿ ಒಳಗೆ ಹೋದಳು. ಅಜ್ಜಿ ಕೈ ಚಾಚಿಕೊಂಡೇ ಕೂತಿದ್ದಳು.